ಜಗಲಿಯ ಮೇಲಿನ ಹಿರಿಯರು

ಬಿಲ್ಲಿ ಸಾಯುವ ಹಿಂದಿನ ದಿನ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ನಡೆದಿದ್ದರೆ ಇದನ್ನು ಬರೆಯುವುದು ನನಗೆ ಸುಲಭವಾಗುತ್ತಿತ್ತು. ದೊಡ್ಡವರ ವಿಷಯ ಬರೆಯುವವರು, ಅವರು ಕಣ್ಣು ಮುಚ್ಚುವ ಮುಂಚೆ ಹೇಳಿದ ಮಾತನ್ನೋ ಕೊಟ್ಟ ಆಶೀರ್ವಾದವನ್ನೋ ಹಿಡಿದುಕೊಂಡು ಶುರುಮಾಡುತ್ತಾರೆ. ಬಿಲ್ಲಿ ನಾಯಿ. ಅವನು ಆ ದಿನ ಬೆಳಗ್ಗೆ ಎದ್ದು ಮೈಮುರಿದು, ಹಿತ್ತಿಲ ಗೋಡೆಯ ಮೇಲೆ ಕೂತಿದ್ದ ಕಾಗೆಯನ್ನು ಓಡಿಸಿದ. ಅಮ್ಮ ತಟ್ಟೆಯಲ್ಲಿ ಹಾಕಿಕೊಟ್ಟ ಬೆಲ್ಲದ ಕಾಫಿ ಕುಡಿದ. ಇನ್ನೊಂದು ಸಲ ಹಾಕಿಸಿಕೊಂಡು ಕುಡಿದ. ಆಮೇಲೆ ಬಂದು ಬೀದಿಬಾಗಿಲ ಹೊಸ್ತಿಲಿಗೆ ಅಡ್ಡಲಾಗಿ ಮಲಗಿದ. ನನ್ನ ಹೆಂಡತಿ ಸಾವಿತ್ರಿ ನೀರಿಗೆ ಹೋಗಿದ್ದವಳು ತುಂಬಿದ ಕೊಡ ಹೊತ್ತುಕೊಂಡು ಬಂದು, ಬಾಗಿಲಲ್ಲಿ ಅವನನ್ನು ನೋಡಿ, ಓಣಿ ಸುತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಳು. ನಾನು ಬೀಡಿ ಸೇದಬೇಕೆನಿಸಿ ಬಾವಿಯ ಹಿಂದಕ್ಕೆ ಹೋದೆ. ಇವೆಲ್ಲ ನಮ್ಮ ಮನೆಯಲ್ಲಿ ದಿನವೂ ನಡೆಯುತ್ತಿದ್ದುದೇ. ಓದುವವರಿಗೆ ಮಾತ್ರ ಇದರಲ್ಲಿ ಒಂದೆರಡು ವಿಚಿತ್ರವಾಗಿ ಕಾಣಬಹುದು. ಸೊಸೆಯೊಬ್ಬಳು ತುಂಬಿದ ಕೊಡ ಹೊತ್ತು ನಾಯಿಯನ್ನು ಏಕೆ ದಾಟುವುದಿಲ್ಲ, ಮೀಸೆ ಬಂದ ಗಂಡಸು ತನ್ನ ಮನೆಯಲ್ಲೇ ಬೀಡಿಯನ್ನು ಕದ್ದು ಏಕೆ ಸೇದುತ್ತಾನೆ ಎಂಬುದನ್ನು ಹೇಳುವುದಕ್ಕೇ ನಾನು ಕೂತಿರುವುದು.

ನಮ್ಮದು ಹಲಸೂರು ಕೆರೆಯ ಹಿಂದಿನ ಹಳೆಯ ಊರು. ಈಗ ಎಲ್ಲವನ್ನೂ ಸೇರಿಸಿ ದಂಡು, ಕಂಟೋನ್ಮೆಂಟು ಎನ್ನುತ್ತಾರೆ. ನಮ್ಮಪ್ಪ ಮಾತ್ರ ಕೊನೆಯವರೆಗೂ, ದಂಡು ಬಂದದ್ದು ಆಮೇಲೆ, ನಾವು ಮುಂಚಿನವರು ಎನ್ನುತ್ತಿದ್ದರು. ಅವರು ಕೆರೆಯ ಪಕ್ಕದ ತುಂಡು ನೆಲದಲ್ಲಿ ಕೋಸು, ಬೀನ್ಸು, ಸೊಪ್ಪು ಬೆಳೆದು ದೊರೆಗಳ ಬಂಗಲೆಗಳ ಅಡಿಗೆಮನೆಗೆ ಹಾಕುತ್ತಿದ್ದರು. ಕಾಗೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸಸಿ ಕಿತ್ತು ಹಾಕುತ್ತವೆ ಎಂದು ಕೈಯಲ್ಲಿ ಸದಾ ಒಂದು ಹೆಂಟೆ ಹಿಡಿದೇ ಓಡಾಡುತ್ತಿದ್ದರು. ನಾನು ಲೋಯರ್ ಸೆಕೆಂಡರಿ ಪಾಸು ಮಾಡಿ, ಮಣ್ಣಿಗೆ ಬೆನ್ನು ತೋರಿಸಿ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಶೆಟ್ಟರೊಬ್ಬರ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಬಟ್ಟೆ ಅಳೆಯುವ ಕೆಲಸಕ್ಕೆ ಸೇರಿದೆ. ದಿನವೂ ಸಾಯಂಕಾಲ ಮನೆಗೆ ಬಂದರೆ ಅಪ್ಪ ಜಗಲಿಯ ಮೇಲೆ ಕೂತಿರುತ್ತಿದ್ದರು. "ಏನಪ್ಪ, ಇವತ್ತು ವ್ಯಾಪಾರ ಹೆಂಗೆ?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು ಏನೂ ಹೇಳುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಇದ್ದ ಮಾತು ಅಷ್ಟೇ, ಆದರೆ ಒಂದು ದಿನವೂ ತಪ್ಪುತ್ತಿರಲಿಲ್ಲ.

ಯುದ್ಧ ಶುರುವಾಗಿ ಮಿಲಿಟರಿ ಲಾರಿಗಳ ಧೂಳಿನಲ್ಲಿ ಕೆರೆ ಏರಿ ಕಾಣದಂತಾಗಿದ್ದ ಕಾಲದಲ್ಲಿ, ಒಂದು ಆಷಾಢದ ಬೆಳಗ್ಗೆ ಅಪ್ಪ ಜಗಲಿಯ ಮೇಲೆ ಕಾಫಿ ಕುಡಿದು ಇನ್ನೊಂದು ಲೋಟ ಕೇಳಿದರು. ಅಮ್ಮ ಒಲೆಯ ಮುಂದಿನಿಂದಲೇ, "ಸ್ವಲ್ಪ ತಾಳಿ ಅಂದ್ರೆ, ಸೊಪ್ಪು ಬಸೀತಾ ಇದೀನಿ" ಎಂದಳು. ಸೊಪ್ಪು ಬಸಿದು, ಕಾಫಿ ಬೆರೆಸಿಕೊಂಡು ಹೊರಗೆ ಬರುವ ಹೊತ್ತಿಗೆ ಅಪ್ಪ ಕಂಬಕ್ಕೆ ಒರಗಿಕೊಂಡಿದ್ದರು. ಕರೆದರೆ ಓಗೊಡಲಿಲ್ಲ. ಆ ಲೋಟವನ್ನು ಅಮ್ಮ ಎಲ್ಲಿಟ್ಟಳು, ಅದರಲ್ಲಿದ್ದ ಕಾಫಿ ಏನಾಯಿತು ಎಂದು ಆ ಗಡಿಬಿಡಿಯಲ್ಲಿ ಯಾರೂ ನೋಡಲಿಲ್ಲ. ಅಮ್ಮ ಮಾತ್ರ ಆ ಲೋಟವನ್ನು ಮರೆಯಲಿಲ್ಲ.

ಬಿಲ್ಲಿ ಬಂದದ್ದು ಅದೇ ವರ್ಷ, ದೀಪಾವಳಿಯ ಹೊತ್ತಿಗೆ. ಅಪ್ಪನ ಸ್ನೇಹಿತ ಆರ್ಮುಗಂ ಒಬ್ಬ ದೊರೆಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದ. ಒಂದು ಸಂಜೆ ಅವನು ಹಗ್ಗದಲ್ಲಿ ಒಂದು ನಾಯಿಯನ್ನು ಕಟ್ಟಿಕೊಂಡು ಬಂದು ನಿಂತ. ಹಸುವಿನ ಕರುವಿನ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು. ಜಾತಿ ಯಾವುದು ಎಂದರೆ ಆರ್ಮುಗಂ, "ಅಮ್ಮ ಇಂಗ್ಲಿಷು, ಅಪ್ಪ ಯಾರೂಂತ ದೊರೆಗೇ ತೆರಿಯಾದು" ಎಂದ. ದೊರೆಗೆ ಬರ್ಮಾ ಕಡೆಗೆ ಹೋಗಲು ಆರ್ಡರ್ ಬಂದಿತ್ತಂತೆ. ಹಾಗೆ ಹೋಗುವಾಗ ನಾಯಿಯನ್ನು ಕಂಡವರ ಪಾಲು ಮಾಡುವುದಕ್ಕಿಂತ ಗುಂಡು ಹೊಡೆದು ಹೋಗುವುದೇ ಮರ್ಯಾದೆ ಎಂದು ಅವರಲ್ಲಿ ಕೆಲವರು ತಿಳಿದಿದ್ದರು. "ನಾಳೆ ಬೆಳಗ್ಗೆ ತುಪಾಕೀಲಿ ಸುಡ್ತಾರೆ ಸಾಮಿ. ನಾನು ಓಡೋಯ್ತು ಅಂತ ಹೇಳ್ತೀನಿ. ನೀವು ಇಟ್ಕೊಳ್ಳಿ. ನಿಮ್ಮಪ್ಪ ಇದ್ದಿದ್ರೆ ಬೇಡ ಅಂತಿರಲಿಲ್ಲ" ಎಂದ. ಅಪ್ಪ ಇದ್ದಿದ್ದರೆ ಖಂಡಿತ ಬೇಡ ಎನ್ನುತ್ತಿದ್ದರು. ಕೋಸಿನ ಪಾತಿ ತುಳಿಯುವ ಯಾವ ಪ್ರಾಣಿಯೂ ಅವರಿಗೆ ಆಗುತ್ತಿರಲಿಲ್ಲ. ಆದರೆ ಇಲ್ಲದವರ ಪರವಾಗಿ ಒಪ್ಪಿಗೆ ಕೊಡುವುದು ಸುಲಭ. ನಾಯಿ ಉಳಿಯಿತು.

ದೊರೆ ಇಟ್ಟ ಹೆಸರು ಬಿಲ್ಲಿ. ನಮ್ಮ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಸತ್ತಾರ್ ಸಾಬರಿಗೆ ಇದನ್ನು ಹೇಳಿದಾಗ, ಅವರು ಮೆಷಿನ್ ನಿಲ್ಲಿಸಿ, "ಕ್ಯಾ ಮಿಯಾ, ಬಿಲ್ಲಿ ಅಂದ್ರೆ ನಮ್ಮಲ್ಲಿ ಬೆಕ್ಕು, ಕುತ್ತೆಗೆ ಬೆಕ್ಕಂತ ಹೆಸರು ಇಟ್ಟವ್ರೆ. ಅದಕ್ಕೇ ಆ ದೊರೆಗಳ ರಾಜ್ಯ ಉಳಿಯಾಂಗಿಲ್ಲ" ಎಂದು ಬಿದ್ದು ಬಿದ್ದು ನಕ್ಕರು. ಸಾಬರು ನಾಯಿಯನ್ನು ಮುಟ್ಟುವವರಲ್ಲ. ಆದರೂ ಅಂದಿನಿಂದ ದಿನವೂ ಬೆಳಗ್ಗೆ ನನ್ನನ್ನು ಕಂಡೊಡನೆ, "ಬೆಕ್ಕು ಹೆಂಗದೆ?" ಎಂದು ವಿಚಾರಿಸುವುದನ್ನು ಬಿಡಲಿಲ್ಲ.

ಬಿಲ್ಲಿಗೆ ಮೊದಲ ದಿನದಿಂದಲೇ ಕಾಗೆ ಕಂಡರೆ ಆಗುತ್ತಿರಲಿಲ್ಲ. ಬಂಗಲೆಯಲ್ಲಿ ದೊರೆಸಾನಿಯ ಚಹದ ಮೇಜಿನಿಂದ ಕಾಗೆಗಳು ಬಿಸ್ಕತ್ತು ಹಾರಿಸಿಕೊಂಡು ಹೋಗುತ್ತಿದ್ದವಂತೆ. ಅವನ್ನು ಓಡಿಸುವುದೇ ಅವನ ಡ್ಯೂಟಿಯಾಗಿತ್ತು ಎಂದು ಆರ್ಮುಗಂ ಹೇಳಿದ. ನಮ್ಮ ಮನೆಯಲ್ಲಿ ಮೇಜೂ ಇಲ್ಲ, ಬಿಸ್ಕತ್ತೂ ಇಲ್ಲ. ಆದರೆ ಹಿತ್ತಿಲಲ್ಲಿ, ನಮ್ಮ ಮತ್ತು ಚಿಕ್ಕಪ್ಪನ ಮನೆಯ ಗಡಿಯಲ್ಲಿ, ದೊಡ್ಡದೊಂದು ಹಲಸಿನ ಮರವಿದೆ. ಅದರ ತುಂಬ ಕಾಗೆ. ಡ್ಯೂಟಿಗೇನೂ ಕೊರತೆಯಾಗಲಿಲ್ಲ. ಕೆಲವೇ ತಿಂಗಳಲ್ಲಿ ನಮ್ಮ ಹಿತ್ತಿಲ ಗೋಡೆಯ ಮೇಲೆ ಒಂದು ಕಾಗೆಯೂ ಕೂರದಂತಾಯಿತು. ಒಣಗಹಾಕಿದ ಹಪ್ಪಳಕ್ಕೆ ಕಾವಲು ಬೇಡವಾಯಿತೆಂದು ಅಮ್ಮ ಓಣಿಯಲ್ಲೆಲ್ಲ ಅವನನ್ನು ಹೊಗಳಿಕೊಂಡು ಬಂದಳು. ಮುಂದೆ ಬರುವ ಪಿತೃಪಕ್ಷದ ಯೋಚನೆ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಪಕ್ಷದ ಹಬ್ಬದಲ್ಲಿ ನಾವು ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಹೋದವರಿಗೆ ಏನೇನು ಇಷ್ಟವೋ ಎಲ್ಲವನ್ನೂ ಮಾಡಬೇಕು. ಅಪ್ಪನ ಎಡೆ ಎಂದರೆ ಮಟನ್ ಸಾರು, ಮುದ್ದೆ, ವಡೆ, ಪಾಯಸ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಒಳಗೆ ಪೂಜೆಯಾದ ಮೇಲೆ ಅದರಲ್ಲೇ ಸ್ವಲ್ಪ ಸ್ವಲ್ಪ ತೆಗೆದು ಇನ್ನೊಂದು ಎಲೆಗೆ ಹಾಕಿ ಹಿತ್ತಿಲ ಗೋಡೆಯ ಮೇಲಿಟ್ಟು ಕಾಗೆಯನ್ನು ಕರೆಯಬೇಕು. ಕಾಗೆ ಮುಟ್ಟಿದರೆ ಹಿರಿಯರು ತೃಪ್ತರಾದರು ಎಂದು ಲೆಕ್ಕ. ಅದು ಮುಟ್ಟುವವರೆಗೆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಅಕ್ಕಿ ರೇಷನ್ನಿನಲ್ಲಿ ಸಿಗುತ್ತಿದ್ದ, ಮಟನ್ನಿನ ವಾಸನೆಯೇ ಅಪರೂಪವಾಗಿದ್ದ ಆ ಕಾಲದಲ್ಲಿ ಇದು ಎಂಥ ತಪಸ್ಸು ಎಂದು ಹಸಿದವರಿಗೆ ಮಾತ್ರ ಗೊತ್ತು. ಅಪ್ಪನ ವರ್ಷ ಕಳೆದು ಮೊದಲ ಎಡೆ ಇಟ್ಟ ದಿನ ಅಮ್ಮ, ನಾನು, ಚಿಕ್ಕಪ್ಪ, ಚಿಕ್ಕಮ್ಮ ಸಾಲಾಗಿ ನಿಂತು ಕಾ ಕಾ ಎಂದು ಕೂಗಿದೆವು. ಮರದ ಮೇಲೆ ಕಾಗೆಗಳು ಸಾಲಾಗಿ ಕೂತು ನಮ್ಮನ್ನು ನೋಡಿದವು. ಒಂದು ಧೈರ್ಯ ಮಾಡಿ ಕೆಳಗೆ ಇಳಿಯಿತು. ಬಿಲ್ಲಿ ಎಲ್ಲಿದ್ದನೋ, ಬಾಣದಂತೆ ಬಂದ. ಅಷ್ಟೇ. ಅವನನ್ನು ಒಳಗೆ ಕೂಡಿಹಾಕಿದೆವು, ಬೇಡಿಕೊಂಡೆವು, ಚಿಕ್ಕಪ್ಪ ಕಾಗೆಯ ದನಿಯಲ್ಲೇ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರು. ಸಾಯಂಕಾಲವಾದರೂ ಎಲೆ ಹಾಗೇ ಇತ್ತು.

ನಾವೆಲ್ಲ ಇದನ್ನು ನಾಯಿಯ ಕಾಟ ಎಂದುಕೊಂಡೆವು. ಅಮ್ಮ ಹಾಗೆ ಅಂದುಕೊಳ್ಳಲಿಲ್ಲ. ಎಲೆಯನ್ನು ತೆಗೆದು ಬಾವಿಕಟ್ಟೆಯ ಮೇಲೆ ಕೂತಳು. "ಕಾಫಿ ಕೇಳಿದ್ರು ಕಣೋ. ತಾಳಿ ಅಂದೆ" ಎಂದಳು. ಬಿಲ್ಲಿ ಕಾಗೆ ಓಡಿಸಿದ್ದನ್ನು ನೀನೇ ನೋಡಲಿಲ್ಲವೇ ಎಂದೆ. "ಆ ನಾಯಿ ಯಾಕೆ ನಮ್ಮನೆಗೇ ಬರಬೇಕಾಗಿತ್ತು?" ಎಂದಳು. ಇದಕ್ಕೆ ಲೋಯರ್ ಸೆಕೆಂಡರಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಆ ವರ್ಷವಿಡೀ ಅಮ್ಮ ಕಾಫಿ ಕುಡಿಯುವುದನ್ನು ಬಿಟ್ಟಳು. ನಮಗೆಲ್ಲ ಮಾಡಿಕೊಡುತ್ತಿದ್ದಳು, ತಾನು ಮುಟ್ಟುತ್ತಿರಲಿಲ್ಲ. ದಿನದಿಂದ ದಿನಕ್ಕೆ ಸೊರಗಿದಳು. ಮನೆಗೆ ಸೊಸೆ ಬಂದರೆ ಸರಿಹೋದೀತು ಎಂದು ಚಿಕ್ಕಮ್ಮ ಮುಂದೆ ನಿಂತು ಕೃಷ್ಣರಾಜಪುರದ ಕಡೆಯ ಹೆಣ್ಣು ನೋಡಿ ನನ್ನ ಮದುವೆ ಮಾಡಿಸಿದರು. ಸಾವಿತ್ರಿ ಬಂದಳು, ನಾನು ಸರಿಹೋದೆ, ಅಮ್ಮ ಸರಿಹೋಗಲಿಲ್ಲ.

ಮರುವರ್ಷ ಪಕ್ಷದ ದಿನ ಬಿಲ್ಲಿಯನ್ನು ನಡುಮನೆಯ ಕಂಬಕ್ಕೆ ಕಟ್ಟಿಯೇ ಎಡೆ ಇಟ್ಟೆವು. ಆದರೆ ಕಾಗೆಗಳು ಅಷ್ಟರಲ್ಲಿ ನಮ್ಮ ಗೋಡೆಯ ಆಸೆಯನ್ನೇ ಬಿಟ್ಟಿದ್ದವು. ಒಂದೂ ಇಳಿಯಲಿಲ್ಲ. ಅಮ್ಮ ಎಲೆಯನ್ನೇ ನೋಡುತ್ತ ನಿಂತಿದ್ದಳು. ಅವಳ ಮುಖ ನೋಡಲಾಗದೆ ನಾನು ಮರ ನೋಡುತ್ತಿದ್ದೆ. ಆಗ ಒಳಗಿನಿಂದ ಹಗ್ಗ ಕಚ್ಚಿ ಹರಿದುಕೊಂಡ ಬಿಲ್ಲಿ ಓಡಿಬಂದ. ಒಗೆಯುವ ಕಲ್ಲಿನ ಮೇಲೆ ಹಾರಿ, ಅಲ್ಲಿಂದ ಗೋಡೆಗೆ ಹಾರಿ, ನಾವು ಬಾಯಿ ತೆರೆಯುವಷ್ಟರಲ್ಲಿ ಎಲೆಗೆ ಬಾಯಿ ಹಾಕಿದ. ಮಟನ್ ಹೋಯಿತು. ಮುದ್ದೆ ಹೋಯಿತು. ವಡೆ, ಪಾಯಸ ಹೋದವು.

"ಅಯ್ಯಯ್ಯೋ, ಎಡೆ ಮೈಲಿಗೆ ಆಯ್ತಲ್ಲಕ್ಕ!" ಎಂದು ಚಿಕ್ಕಮ್ಮ ಬಾಯಿ ಬಡಿದುಕೊಂಡರು. ನಾನು ಕೋಲೆತ್ತಿಕೊಂಡೆ.

"ಕೋಲು ಕೆಳಗಿಡು," ಎಂದಳು ಅಮ್ಮ. ಅಂಥ ದನಿ ಅವಳಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. "ಯಾರ ಮೇಲೆ ಎತ್ತಿದೀಯ ಗೊತ್ತಾ? ಎಲೆ ನೋಡು."

ನೋಡಿದೆವು. ಎಲೆ ಬೋಳಾಗಿತ್ತು. ಒಂದು ಮೂಲೆಯಲ್ಲಿ ಹಾಗಲಕಾಯಿ ಗೊಜ್ಜು ಮಾತ್ರ ಹಾಕಿದ ಹಾಗೇ ಉಳಿದಿತ್ತು. ಅದನ್ನು ಮಾಡಿಕೊಂಡು ಬಂದವರು ಚಿಕ್ಕಮ್ಮ. ಅಪ್ಪ ಹುಟ್ಟಿದಾರಭ್ಯ ಹಾಗಲಕಾಯಿ ಮುಟ್ಟಿದವರಲ್ಲ.

"ಮೂವತ್ತು ವರ್ಷ ಉಣ್ಣಿಕ್ಕಿದೀನಿ, ನಂಗೆ ಗೊತ್ತಾಗಲ್ವಾ?" ಎಂದು ಅಮ್ಮ ಒಳಗೆ ಓಡಿದಳು. ಅಪ್ಪನ ಕಂಚಿನ ಲೋಟದಲ್ಲಿ ಕಾಫಿ ತಂದಳು. ತಟ್ಟೆಗೆ ಸುರಿದಳು. ಬಿಲ್ಲಿ ಕುಡಿದ. ಕುಡಿದು, ನೆಕ್ಕಿ, ಅವಳ ಮುಖ ನೋಡಿದ. "ಇನ್ನೊಂದು ಲೋಟ ತಾನೆ? ತರ್ತೀನಿ, ತರ್ತೀನಿ, ಈ ಸಲ ತಾಳಿ ಅನ್ನಲ್ಲ" ಎಂದು ಅಮ್ಮ ಅಳುತ್ತ ನಗುತ್ತ ಮತ್ತೆ ಒಳಗೆ ಹೋದಳು. ಎರಡನೆಯದನ್ನೂ ಕುಡಿದ ಬಿಲ್ಲಿ ನೆಟ್ಟಗೆ ಹೋಗಿ ಜಗಲಿಯ ಮೇಲೆ, ಅಪ್ಪ ಒರಗುತ್ತಿದ್ದ ಕಂಬದ ಪಕ್ಕದಲ್ಲಿ ಮಲಗಿಬಿಟ್ಟ. ಯಾವ ನಾಯಿ ಹಾಗಲಕಾಯಿ ತಿನ್ನುತ್ತದೆ, ಹೊಟ್ಟೆ ಬಿರಿಯೆ ತಿಂದ ಯಾವ ನಾಯಿ ತಂಪಾದ ಕಡೆ ಮಲಗುವುದಿಲ್ಲ ಎಂದು ನಾನು ಕೇಳಬೇಕೆಂದಿದ್ದೆ. ಅಮ್ಮ ಉಳಿದ ಕಾಫಿಯನ್ನು ತಾನೂ ಒಂದು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಿದ್ದಳು. ಕೋಲನ್ನು ಗೋಡೆಗೆ ಒರಗಿಸಿದೆ.

ಅಲ್ಲಿಂದ ಮುಂದೆ ನಮ್ಮ ಮನೆಯ ರೀತಿ ಬದಲಾಯಿತು. ಅಮ್ಮ ಬಿಲ್ಲಿ ಎಂಬ ಹೆಸರನ್ನು ನಾಲಗೆಯ ಮೇಲೆ ತರುವುದನ್ನು ಬಿಟ್ಟಳು. ಗಂಡನ ಹೆಸರನ್ನು ಅವಳು ಎಂದಾದರೂ ಹೇಳಿದ್ದುಂಟೆ? "ಅವರು ಊಟ ಮಾಡಿದ್ರಾ?" "ಅವರು ಎಲ್ಲೋದ್ರು?" "ಅವರ ಕಿವೀಲಿ ಉಣ್ಣಿ ಆಗಿದೆ, ತೆಗಿ." ಹೊಸ ಸೊಸೆಯಾದ ಸಾವಿತ್ರಿಯ ಪಾಡು ಇನ್ನೂ ಕಷ್ಟ. ಅವಳು ಮಾವನನ್ನು ಕಂಡವಳಲ್ಲ. ಈಗ ಮಾವ ಎಂದು ತೋರಿಸಿದ್ದು ಹೀಗೆ. ಅವನ ಮುಂದೆ ಕೂರುವಂತಿಲ್ಲ, ಸೆರಗು ಜಾರುವಂತಿಲ್ಲ, ಹೊಸ್ತಿಲಲ್ಲಿ ಮಲಗಿದ್ದರೆ ದಾಟುವಂತಿಲ್ಲ. "ರೀ, ಮಾವನೋರು ಬಾಗ್ಲಲ್ಲಿ ಅಂಗಾತ ಮಲಗವ್ರೆ. ನಾನು ಹೆಂಗೆ ಹೋಗ್ಲಿ?" ಎಂದು ಕೊಡ ಹೊತ್ತು ಬೀದಿಯಲ್ಲಿ ನಿಂತು ಕೂಗುತ್ತಿದ್ದಳು. ಮನಸ್ಸಿನಲ್ಲಿ ನಗು; ಮುಖದಲ್ಲಿ ಅಪ್ಪಟ ಭಯಭಕ್ತಿ. ನಾವಿಬ್ಬರೇ ಇದ್ದಾಗ ಮಾತ್ರ, "ನಿಮ್ಮಪ್ಪನೋರು ಹಿಂಗೇ ಹಿಂಗಾಲಲ್ಲಿ ಕಿವಿ ಕೆರ್ಕೋತಿದ್ರಾ?" ಎಂದು ಕೇಳುತ್ತಿದ್ದಳು.

ಚಿಕ್ಕಪ್ಪನಿಗೂ ಅಪ್ಪನಿಗೂ ಆ ಹಲಸಿನ ಮರದ ವಿಷಯವಾಗಿ ಹತ್ತಾರು ವರ್ಷ ಮಾತಿರಲಿಲ್ಲ. ಮರ ಗಡಿಯ ಈಚೆಗೋ ಆಚೆಗೋ ಎಂಬುದೇ ಜಗಳ. ಒಂದು ಭಾನುವಾರ ಚಿಕ್ಕಪ್ಪ ಬಂದು ಜಗಲಿಯ ಇನ್ನೊಂದು ತುದಿಯಲ್ಲಿ ಕೂತರು. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡರು. ನಾನು ಕಿಟಕಿಯ ಹಿಂದೆ ಇದ್ದೆ. "ಅಣ್ಣ," ಎಂದರು ತಗ್ಗಿದ ದನಿಯಲ್ಲಿ, "ಹಳೇದೆಲ್ಲ ಬಿಡು. ಆದ್ರೆ ಮರ ನನ್ನ ಕಡೆಗೇ ಇತ್ತು. ಈಗಲಾದ್ರೂ ಒಪ್ಕೋ." ಬಿಲ್ಲಿ ಆಕಳಿಸಿದ. ಚಿಕ್ಕಪ್ಪ ಕೈಯಲ್ಲಿ ಗಡಿಯ ಗೆರೆ ಎಳೆದು ತೋರಿಸುತ್ತ, ಬೇರು ಎಲ್ಲಿದೆ, ತಾತ ಏನು ಹೇಳಿದ್ದರು ಎಂದು ವಿವರಿಸತೊಡಗಿದರು. ಬಿಲ್ಲಿ ನಡುವೆಯೇ ಎದ್ದು, ಮೈ ಕೊಡವಿ, ಹಿತ್ತಿಲಿಗೆ ಹೊರಟುಹೋದ. ಚಿಕ್ಕಪ್ಪ ಎದ್ದು ನಿಂತು, "ನೋಡ್ದೇನಮ್ಮಾ ಸಾವಿತ್ರಿ! ಆಗಲೂ ಹಿಂಗೇ. ಮಾತು ಮುಗಿಯೋಕೆ ಮುಂಚೆ ಎದ್ದು ಹೋಗೋನು. ಅವನೇ, ಅನುಮಾನವೇ ಇಲ್ಲ" ಎಂದು ಕೂಗಿದರು. ಕೂಗಿನಲ್ಲಿ ಸಿಟ್ಟಿಗಿಂತ ಸಂತೋಷವೇ ಹೆಚ್ಚಾಗಿತ್ತು. ಆಮೇಲೆ ಪ್ರತಿ ಭಾನುವಾರವೂ ಬಂದು ವಾದ ಮುಂದುವರಿಸಿದರು.

ನಾನು ನಂಬಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಅಮ್ಮನ ಮನಸ್ಸಿಗೆ ನೆಮ್ಮದಿಯಾಯಿತಲ್ಲ, ಇರಲಿ ಎಂದು ಸುಮ್ಮನಿದ್ದವನು ನಾನು. ಆದರೆ ಒಂದು ಸಾಯಂಕಾಲ ಜಗಲಿಯ ಮೇಲೆ ಕೂತು ಬೀಡಿ ಹಚ್ಚಿದೆ. ಪಕ್ಕದಲ್ಲಿದ್ದ ಬಿಲ್ಲಿ ಮೂಗು ಮೇಲೆತ್ತಿದ, ನನ್ನ ಕಡೆ ಒಮ್ಮೆ ನೋಡಿದ, ಎದ್ದು ಹೋಗಿಬಿಟ್ಟ. ಹೊಗೆ ನಾಯಿಗಳಿಗೆ ಆಗುವುದಿಲ್ಲ, ಅಷ್ಟೇ. ಅಪ್ಪ ತಾವು ದಿನವೆಲ್ಲ ಬೀಡಿ ಸೇದಿದರೂ ನನ್ನ ಕೈಯಲ್ಲಿ ನೋಡಿದ ಒಂದೇ ಒಂದು ಸಲ, ಬೈಯದೆ, ಹೀಗೇ ಎದ್ದು ಹೋಗಿದ್ದರು. ಮರುದಿನದಿಂದ ನಾನು ಬಾವಿಯ ಹಿಂದಕ್ಕೆ ಹೋಗಿ ಸೇದತೊಡಗಿದೆ. ನಾಯಿಗೆ ಪಾಪ ಏಕೆ ತೊಂದರೆ ಎಂದು. ಇನ್ನೊಂದು ಅಭ್ಯಾಸವೂ ಬೆಳೆಯಿತು. ಅಂಗಡಿಯಿಂದ ಬಂದವನು ಜಗಲಿಯ ಮೇಲೆ ಕೂತು, ಚಪ್ಪಲಿ ಬಿಡುತ್ತ, ಇವತ್ತು ಗೋರಾ ಸೋಲ್ಜರುಗಳು ಬಂದು ರೇಷ್ಮೆ ಬಟ್ಟೆ ತೆಗೆದುಕೊಂಡು ಹೋದರು, ಇವತ್ತು ಶೆಟ್ಟರು ಗಜಕಡ್ಡಿ ಸವೆದಿದೆ ಎಂದು ನನ್ನ ಮೇಲೆ ರೇಗಿದರು, ಎಂದೆಲ್ಲ ಹೇಳುತ್ತಿದ್ದೆ. ಯಾರಿಗಾದರೂ ಹೇಳಬೇಕಲ್ಲ. ಬಿಲ್ಲಿ ಪೂರ್ತಿ ಕೇಳಿಸಿಕೊಂಡು ಏನೂ ಹೇಳುತ್ತಿರಲಿಲ್ಲ.

ಯುದ್ಧ ಮುಗಿಯಿತು. ದೊರೆಗಳು ಹೋದರು. ಕೆರೆ ಏರಿಯ ಮೇಲೆ ಬೇರೆ ಬಾವುಟ ಹಿಡಿದು ಮೆರವಣಿಗೆ ಹೋಯಿತು. ಬಿಲ್ಲಿ ಅದಕ್ಕೂ ಬೊಗಳಿದ. ಸತ್ತಾರ್ ಸಾಬರು, "ನಾನು ಅವತ್ತೇ ಹೇಳಿರಲಿಲ್ಲವಾ?" ಎಂದರು. ಬಿಲ್ಲಿಯ ಮೂತಿ ಬೆಳ್ಳಗಾಯಿತು. ಗೋಡೆಗೆ ಹಾರುವುದು ಹೋಗಿ, ಕೆಳಗೆ ನಿಂತೇ ಕಾಗೆಗಳಿಗೆ ಗದರಿಸುವುದಾಯಿತು. ಕಾಗೆಗಳು ಅಷ್ಟಕ್ಕೇ ಮರ್ಯಾದೆ ಕೊಟ್ಟು ಎದ್ದು ಹೋಗುತ್ತಿದ್ದವು. ಪ್ರತಿವರ್ಷ ಪಕ್ಷದಲ್ಲಿ ಎಲೆಯನ್ನು ಗೋಡೆಯ ಮೇಲಿಡದೆ ಜಗಲಿಯ ಮೇಲೇ ಇಡುತ್ತಿದ್ದೆವು. ನಮ್ಮಷ್ಟು ಬೇಗ ಹಬ್ಬದ ಊಟ ಮಾಡುವವರು ಓಣಿಯಲ್ಲೇ ಯಾರೂ ಇರಲಿಲ್ಲ.

ಈ ಶ್ರಾವಣದಲ್ಲಿ, ನಾನು ಮೊದಲು ಹೇಳಿದ ಆ ಏನೂ ನಡೆಯದ ದಿನದ ಮಾರನೆಯ ಬೆಳಗ್ಗೆ, ಅಮ್ಮ ಕಾಫಿ ತಟ್ಟೆ ಹಿಡಿದು ಹೊರಗೆ ಬಂದು ಕರೆದಳು. ಕಂಬದ ಪಕ್ಕದಲ್ಲಿ ಮಲಗಿದ್ದ ಬಿಲ್ಲಿ ಏಳಲಿಲ್ಲ. ಅಮ್ಮ ಕಿರುಚಲಿಲ್ಲ. ತಟ್ಟೆಯನ್ನು ಅವನ ಪಕ್ಕದಲ್ಲಿಟ್ಟು, ಪಕ್ಕದಲ್ಲೇ ಕೂತು, ಅವನ ಮಡಚಿದ ಕಿವಿಯನ್ನು ಬಿಡಿಸಿ ನೇವರಿಸಿದಳು. ಅಷ್ಟು ವರ್ಷ ಮರ್ಯಾದೆ ಕೊಟ್ಟು ಕೊಟ್ಟು, ಅವಳು ಅವನನ್ನು ಹಾಗೆ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

ಅಂಗಡಿಗೆ ರಜ ಕೇಳಲು ಓಡಿದೆ. ಶೆಟ್ಟರು ಏಕೆ ಎಂದರು. ಮನೆಯಲ್ಲಿ ಸಾವು ಎಂದೆ. ಯಾರು ಎಂದರು. ಅಭ್ಯಾಸಬಲದಿಂದ, "ಹಿರಿಯರು, ಅಪ್ಪ" ಎಂದುಬಿಟ್ಟೆ. ಶೆಟ್ಟರು ಕನ್ನಡಕ ಮೇಲೆ ಮಾಡಿ, "ನಿಮ್ಮ ತಂದೆಯೋರು ಆಗಲೇ ಹೋಗಿರಲಿಲ್ಲವೇನಯ್ಯ? ಆವತ್ತು ರಜ ಕೊಟ್ಟಿದ್ದೆ, ಚೆನ್ನಾಗಿ ನೆನಪಿದೆ" ಎಂದರು. "ಹೌದು ಸ್ವಾಮಿ," ಎಂದೆ, "ಇದು ಇನ್ನೊಂದು ಸಲ." ನನ್ನ ಮುಖದಲ್ಲಿ ಅವರೇನು ಕಂಡರೋ, ಹೋಗು ಎಂದರು. ಹೊರಗೆ ಸತ್ತಾರ್ ಸಾಬರು ಮೆಷಿನ್ ನಿಲ್ಲಿಸಿ ಎದ್ದು ನಿಂತರು. "ಬೆಕ್ಕು?" ಎಂದರು. ತಲೆಯಾಡಿಸಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಆ ದಿನ ಅವರು ನಗಲಿಲ್ಲ.

ಮನೆಗೆ ಬಂದರೆ ಚಿಕ್ಕಪ್ಪ ಯಾರೂ ಹೇಳದೆಯೇ ಗುದ್ದಲಿ ತಂದು ಹಲಸಿನ ಮರದ ಬುಡದಲ್ಲಿ ಗುಂಡಿ ತೋಡುತ್ತಿದ್ದರು. ಗಡಿ ಎಲ್ಲಿದೆ ಎಂದು ನೋಡದೆ, ಮಣ್ಣು ಮೆತ್ತಗಿದ್ದ ಕಡೆ ತೋಡಿದ್ದರು. "ಮರ ನಿಂದೇ ಅಂತ ಇಟ್ಕೋ ಹೋಗಣ್ಣ" ಎಂದು ಮಣ್ಣು ಎಳೆದರು.

ಮೊನ್ನೆ ಪಕ್ಷ ಬಂತು. ನನಗೆ ಒಳಗೊಳಗೇ ಭಯ. ಕಾಗೆ ಮುಟ್ಟದಿದ್ದರೆ? ಅಮ್ಮ ಮತ್ತೆ ಕಾಫಿ ಬಿಟ್ಟರೆ? ಈಗ ಅವಳಿಗೆ ವಯಸ್ಸಾಗಿದೆ. ಸಾವಿತ್ರಿ ಹಿತ್ತಿಲ ಗೋಡೆ ತೊಳೆದಳು. ಅಮ್ಮ ಒಳಗಿನಿಂದ ಎಲೆ ತಂದಳು. ಒಂದಲ್ಲ, ಎರಡು. ಒಂದನ್ನು ಇಟ್ಟು, ಒಂದು ಮೊಳ ದೂರದಲ್ಲಿ ಇನ್ನೊಂದನ್ನು ಇಟ್ಟಳು.

"ಎರಡ್ಯಾಕಮ್ಮ?" ಎಂದೆ.

"ಇದು ನಿಮ್ಮಪ್ಪಂಗೆ. ಇದು ಬಿಲ್ಲಿಗೆ."

ಆ ಹೆಸರನ್ನು ಅವಳ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ. ನಾನು ಕೇಳಿದೆ, "ಇಬ್ಬರೂ ಒಂದೇ ಅಂತಿದ್ದೆ?"

ಅಮ್ಮ ನನ್ನನ್ನು, ಲೆಕ್ಕ ಬಾರದ ಮಗುವನ್ನು ನೋಡುವಂತೆ ನೋಡಿದಳು. "ಮೊದಲನೇ ವರ್ಷ ಹಂಗೇ ಅನ್ಕೊಂಡಿದ್ದೆ ಕಣೋ. ಕಾಫಿ ಕುಡಿದ್ನಲ್ಲ, ನನ್ನ ಹೊಟ್ಟೆ ತಣ್ಣಗಾಯ್ತು. ಆಮೇಲೆ ಗೊತ್ತಾಯ್ತು, ನಾಯಿ ನಾಯೀನೇ ಅಂತ."

"ಹೆಂಗೆ ಗೊತ್ತಾಯ್ತು?"

"ಒಲೆ ಹತ್ರ ಹೋದ್ರೆ ಒಲೆ ಹತ್ರ, ಬಾವಿ ಹತ್ರ ಹೋದ್ರೆ ಬಾವಿ ಹತ್ರ, ನನ್ನ ಹಿಂದೇನೇ ಬರ್ತಿದ್ದ. ನಿಮ್ಮಪ್ಪ ಒಂದು ದಿನಾನಾದ್ರೂ ನನ್ನ ಹಿಂದೆ ಬಂದಿದ್ರಾ?"

ಸಾವಿತ್ರಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದಳು. ನನಗೆ ಸಿಟ್ಟು ಬಂತು. "ಮತ್ತೆ ಇಷ್ಟು ವರ್ಷ ಅವರು ಇವರು ಅಂತ ಮನೆಯೋರ್ನೆಲ್ಲ ಯಾಕೆ ಕುಣಿಸ್ದೆ? ಇವಳು ಕೊಡ ಹೊತ್ಕೊಂಡು ಓಣಿ ಸುತ್ತಿದ್ದೇ ಬಂತು."

"ಅವಳಿಗೂ ಗೊತ್ತಿತ್ತು," ಎಂದಳು ಅಮ್ಮ. "ನಾನೇ ಹೇಳಿದ್ದೆ. ಬಾವಿ ಹಿಂದೆ ನಿಂತ್ಕೊಂಡು ಬೀಡಿ ಸೇದ್ತಿದ್ದೋನು ಯಾರು? ದಿನಾ ಸಾಯಂಕಾಲ ಅಂಗಡಿ ವ್ಯಾಪಾರ ಎಲ್ಲ ಅವನ ಮುಂದೆ ಒಪ್ಪಿಸ್ತಿದ್ದೋನು ಯಾರು? ಅಪ್ಪ ಹೋದಾಗ ನೀನು ಅಳಲೂ ಇಲ್ಲ. ಅದಕ್ಕೇ, ಇರ್ಲಿ, ಇವನಿಗೆ ಅಪ್ಪ ಇನ್ನಷ್ಟು ದಿನ ಇರ್ಲಿ ಅಂತ ಸುಮ್ನಿದ್ವಿ."

ಅಷ್ಟರಲ್ಲಿ ಮರದಿಂದ ಒಂದು ಕಾಗೆ ಇಳಿಯಿತು. ಎಲೆಯನ್ನು ನೋಡಲಿಲ್ಲ, ಮೊದಲು ಹಿತ್ತಿಲ ಬಾಗಿಲ ಕಡೆ ಕತ್ತು ಹೊರಳಿಸಿ ನೋಡಿತು. ಕಾದಿತು. ಯಾರೂ ಬರಲಿಲ್ಲ. ಒಂದು ಹೆಜ್ಜೆ ಕುಪ್ಪಳಿಸಿ ಮತ್ತೆ ನೋಡಿತು. ಆಮೇಲೆ ವಡೆಗೆ ಕೊಕ್ಕು ಹಾಕಿತು. ಅದನ್ನು ನೋಡಿ ಇನ್ನೊಂದು, ಮತ್ತೊಂದು. ಗೋಡೆಯ ತುಂಬ ಕಾಗೆಯಾಯಿತು. ಅಪ್ಪನ ಎಲೆ, ಬಿಲ್ಲಿಯ ಎಲೆ ಎಂದು ಭೇದವಿಲ್ಲದೆ ತಿಂದವು. ಈ ಸಲವೂ ಚಿಕ್ಕಮ್ಮ ತಂದಿದ್ದ ಹಾಗಲಕಾಯಿ ಗೊಜ್ಜನ್ನೂ ಬಿಡಲಿಲ್ಲ. "ನೋಡಕ್ಕ, ನನ್ನ ಗೊಜ್ಜು!" ಎಂದು ಚಿಕ್ಕಮ್ಮ ಗೋಡೆಯಾಚೆಯಿಂದ ಸಂಭ್ರಮಪಟ್ಟರು. ಅಮ್ಮ ಕೈ ಮುಗಿದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಡೀರಿ, ಊಟಕ್ಕೆ" ಎಂದಳು.

ಊಟವಾದ ಮೇಲೆ ಅಭ್ಯಾಸದಂತೆ ಬೀಡಿ, ಬೆಂಕಿಪೆಟ್ಟಿಗೆ ತೆಗೆದುಕೊಂಡು ಬಾವಿಯ ಹಿಂದಕ್ಕೆ ಹೊರಟೆ. ಅರ್ಧದಾರಿಯಲ್ಲಿ ನೆನಪಾಗಿ ತಿರುಗಿ ಜಗಲಿಗೆ ಬಂದು ಕೂತೆ. ಬೀದಿ ಖಾಲಿಯಿತ್ತು. ಕಂಬದ ಪಕ್ಕದ ನೆಲ ಅವನು ಮಲಗಿ ಮಲಗಿ ನುಣುಪಾಗಿತ್ತು. ಬೀಡಿ ಹಚ್ಚಿದೆ. ಹೊಗೆ ಜಗಲಿಯ ತುಂಬ ಹರಡಿತು. ಎದ್ದು ಹೋಗುವವರು ಯಾರೂ ಇರಲಿಲ್ಲ.